ಎರಡು ಲಕ್ಷದ ಗಿಟಾರೋ, ನಲವತ್ತೈದು ಸಾವಿರದ್ದೋ?

ಚನ್ನಗಿರಿ ಕಡೆಯ ಅಡಿಕೆ ತೋಟದವರೊಬ್ಬರು ಮಗನನ್ನು ಕರೆದುಕೊಂಡು ದಾವಣಗೆರೆ ವಿದ್ಯಾನಗರದ ನನ್ನ ಕ್ಲಾಸಿಗೆ ಬಂದರು. ಮಕ್ಕಳ ಓದಿಗೆಂದು ಅವರು ಇಲ್ಲೇ ಒಂದು ಹಳೇ ಮನೆ ತೆಗೆದುಕೊಂಡಿದ್ದಾರೆ. ಹುಡುಗ ಮೂರು ವರ್ಷದಿಂದ ನನ್ನ ಹತ್ತಿರ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದಾನೆ. ಚಪ್ಪಲಿ ಬಿಟ್ಟು ಒಳಗೆ ಬಂದವರು ಕೂರುವ ಮುಂಚೆಯೇ ಕೇಳಿದರು.

"ಮೇಷ್ಟ್ರೇ, ಇವನು ಅಮೆರಿಕದ ಗಿಟಾರೇ ಬೇಕು ಅಂತಾನೆ. ಎರಡು ಲಕ್ಷವಂತೆ. ಅಂದ್ರೆ ನಾಲ್ಕು ಕ್ವಿಂಟಲ್ ರಾಶಿ ಅಡಿಕೆ. ಕೊಡ್ಸೋಕೆ ನಂಗೇನೂ ಬೇಜಾರಿಲ್ಲ. ಆದ್ರೆ ಈಗ ಇರೋದಕ್ಕೂ ಅದಕ್ಕೂ ಏನು ಫರಕ್ಕು ಐತೆ ಅಂತ ಯಾರಾದ್ರೂ ಬಿಡ್ಸಿ ಹೇಳ್ಬೇಕಲ್ಲ?"

ಅವರಿಗೆ ಅವತ್ತು ಬಿಡಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ನನಗೆ ವರ್ಷಕ್ಕೆ ನಾಲ್ಕೈದು ಸಲ ಎದುರಾಗುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಬೆಂಗಳೂರಿನ ದೊಡ್ಡ ಅಂಗಡಿಗೆ ಹೋಗಿ ದಿನಗಟ್ಟಲೆ ನುಡಿಸಿ ನೋಡುವ ಅನುಕೂಲ ಇಲ್ಲದವರು. ವೀಡಿಯೊ ನೋಡಿ, ಫೋಟೋ ನೋಡಿ, ಕೊರಿಯರ್‌ನಲ್ಲಿ ತರಿಸುವವರು. ದುಡ್ಡು ಕಷ್ಟಪಟ್ಟು ಕೂಡಿಟ್ಟದ್ದು. ಹಾಗಾಗಿ ಅವಸರವಿಲ್ಲದೆ ಹೇಳುತ್ತೇನೆ.

ಬೆಲೆಯ ಮೆಟ್ಟಿಲುಗಳು

ಡಾಲರ್, ಆಮದು ಸುಂಕ, ಜಿಎಸ್‌ಟಿ ಎಲ್ಲ ಸೇರಿ ಬೆಲೆ ಆಗಾಗ ಏರಿಳಿಯುತ್ತದೆ. ಅಂದಾಜಿಗೆ ನಾಲ್ಕು ಮೆಟ್ಟಿಲು ಅಂದುಕೊಳ್ಳಿ. 20 ಸಾವಿರದ ಆಸುಪಾಸಿನದ್ದು ಮೊದಲನೆಯದು: ಸ್ಕ್ವಾಯರ್ ಸೋನಿಕ್, ಯಮಹಾ ಪೆಸಿಫಿಕಾ 012 ಇಂಥವು. 30ರಿಂದ 60 ಸಾವಿರದ್ದು ಎರಡನೆಯದು: ಪೆಸಿಫಿಕಾ 112, ಸ್ಕ್ವಾಯರ್ ಕ್ಲಾಸಿಕ್ ವೈಬ್, ಎಪಿಫೋನ್ ಲೆಸ್ ಪಾಲ್. ಲಕ್ಷದ ಹತ್ತಿರದ್ದು ಮೂರನೆಯದು: ಮೆಕ್ಸಿಕೊದಲ್ಲಿ ಮಾಡಿದ ಫೆಂಡರ್ ಪ್ಲೇಯರ್, ಇಂಡೊನೇಷ್ಯಾದಲ್ಲಿ ಮಾಡಿದ ಪಿಆರ್‌ಎಸ್ ಎಸ್ಇ ಇಲ್ಲಿಗೆ ಸೇರುತ್ತವೆ. ಎರಡು ಲಕ್ಷ ಮತ್ತು ಅದರಾಚೆ ನಾಲ್ಕನೆಯದು: ಕ್ಯಾಲಿಫೋರ್ನಿಯಾದ ಕೊರೋನಾದಲ್ಲಿ ತಯಾರಾಗುವ ಅಮೆರಿಕನ್ ಫೆಂಡರ್, ನ್ಯಾಶ್‌ವಿಲ್‌ನ ಗಿಬ್ಸನ್ ಲೆಸ್ ಪಾಲ್.

ಸ್ಕ್ವಾಯರ್ ಫೆಂಡರ್ ಕಂಪನಿಯದ್ದೇ ಕಡಿಮೆ ಬೆಲೆಯ ಹೆಸರು, 1982ರಿಂದ ಗಿಟಾರ್‌ಗಳ ಮೇಲೆ ಬರುತ್ತಿದೆ. ಎಪಿಫೋನ್ ಅನ್ನು ಗಿಬ್ಸನ್‌ನವರು 1957ರಲ್ಲಿ ಕೊಂಡರು. ಹಾಗಾಗಿ ಕಡಿಮೆ ಬೆಲೆಯದ್ದು ನಕಲಿ, ಹೆಚ್ಚಿನದ್ದು ಅಸಲಿ ಅನ್ನುವ ಮಾತು ಇವುಗಳಿಗೆ ಹೊಂದುವುದಿಲ್ಲ. ಒಂದೇ ಮನೆಯವರು ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ಕೂಲಿಗೆ ಮಾಡಿಸಿದ ಸಾಮಾನುಗಳು ಇವು.

ಮೊದಲನೇ ಮೆಟ್ಟಿಲಿನಿಂದ ಎರಡನೆಯದಕ್ಕೆ ಹತ್ತಿದಾಗ ಸಿಗುವ ಲಾಭ ದೊಡ್ಡದು, ಯಾರಿಗಾದರೂ ಗೊತ್ತಾಗುವಂಥದ್ದು. ಎರಡರಿಂದ ಮೂರಕ್ಕೆ ಹತ್ತಿದರೆ ಲಾಭ ಇದೆ, ಆದರೆ ಅಷ್ಟಿಲ್ಲ. ಮೂರರಿಂದ ನಾಲ್ಕಕ್ಕೆ ದುಡ್ಡು ದುಪ್ಪಟ್ಟಾಗುತ್ತದೆ, ಲಾಭ ಮಾತ್ರ ಬೆರಳ ತುದಿಯಷ್ಟು. ಕೆಲವರಿಗೆ ಆ ಬೆರಳ ತುದಿಯೇ ಮುಖ್ಯ. ಅದು ಯಾರಿಗೆ ಅನ್ನುವುದೇ ಇಲ್ಲಿನ ವಿಷಯ.

ಗೋಡೆ ಕಡೆ ಮುಖ ಮಾಡಿ ಕೇಳಿದ್ದು

ನನ್ನ ಹತ್ತಿರ 2020ರಲ್ಲಿ ಮಾರುಕಟ್ಟೆಗೆ ಬಂದ ಫೆಂಡರ್ ಅಮೆರಿಕನ್ ಪ್ರೊಫೆಷನಲ್ 2 ಸ್ಟ್ರಾಟೊಕ್ಯಾಸ್ಟರ್ ಇದೆ. ಮೂರು ಗಣೇಶನ ಸೀಸನ್ನಿನ ಆರ್ಕೆಸ್ಟ್ರಾ ದುಡ್ಡು ಕೂಡಿಟ್ಟು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಕ್ಲಾಸಿನ ಮಕ್ಕಳಿಗೆಂದು ನಲವತ್ತೈದು ಸಾವಿರದ ಒಂದು ಕ್ಲಾಸಿಕ್ ವೈಬ್ 60ಸ್ ಸ್ಟ್ರಾಟ್ ಇಟ್ಟಿದ್ದೇನೆ. ಎರಡರದ್ದೂ ಒಂದೇ ಆಕಾರ, ಒಂದೇ ಅಳತೆ: ತಂತಿ ಎರಡು ತುದಿಯಲ್ಲಿ ಕೂರುವ ನಟ್‌ನಿಂದ ಬ್ರಿಡ್ಜ್‌ವರೆಗೆ 648 ಮಿಲಿಮೀಟರ್, ತಂತಿಯ ಅಲುಗಾಟ ಹಿಡಿಯುವ ಒಂಟಿ ಸುರುಳಿಯ (ಸಿಂಗಲ್ ಕಾಯಿಲ್) ಪಿಕಪ್ ಮೂರು. ಅವತ್ತು ಎರಡಕ್ಕೂ ಒಂದೇ ಕಂಪನಿಯ ಹೊಸ ತಂತಿ ಹಾಕಿದೆ, ಒಂದೇ ಕೇಬಲ್, ಒಂದೇ ಆ್ಯಂಪ್. ಅಪ್ಪ, ಮಗ ಇಬ್ಬರನ್ನೂ ಗೋಡೆ ಕಡೆ ಮುಖ ಮಾಡಿ ಕೂರಿಸಿ, ಒಂದೇ ಸ್ವರಪುಂಜವನ್ನು ಅದಲು ಬದಲು ಮಾಡಿ ಹತ್ತು ಸಲ ನುಡಿಸಿದೆ. ಯಾವುದು ದುಬಾರಿಯದ್ದು ಅಂತ ಅವರು ಬೆರಳೆತ್ತಿ ಹೇಳಬೇಕು.

ಹುಡುಗ ಆರು ಸಲ ಸರಿ ಹೇಳಿದ. ಅವರಪ್ಪ ಐದು ಸಲ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಆ್ಯಂಪ್‌ನಲ್ಲಿ ದನಿ ಒರಟಾಗಿಸುವ ಡಿಸ್ಟಾರ್ಷನ್ ಹಾಕಿದ ಮೇಲಂತೂ ಇಬ್ಬರೂ ಬೆರಳೆತ್ತುವುದನ್ನೇ ಬಿಟ್ಟರು.

ಆಮೇಲೆ ಹುಡುಗನ ಕಣ್ಣಿಗೆ ಟವೆಲ್ ಕಟ್ಟಿ ಗಿಟಾರನ್ನು ಕೈಗೇ ಕೊಟ್ಟೆ. ಐದಕ್ಕೆ ಐದೂ ಸರಿ. ಅದೂ ನುಡಿಸುವುದಕ್ಕೆ ಮುಂಚೆಯೇ, ನೆಕ್ (ಎಡಗೈ ಓಡುವ ಉದ್ದನೆಯ ಕತ್ತು) ಹಿಡಿದ ಕೂಡಲೇ. ಕ್ಲಾಸಿಕ್ ವೈಬ್ ನೆಕ್‌ನ ಹಿಂಬದಿಗೆ ಹೊಳಪಿನ ಬಣ್ಣ, ಅಮೆರಿಕದ್ದಕ್ಕೆ ಮಂಕು ಪಾಲಿಶ್. ಅದೊಂದೇ ಗುರುತು ಸಾಕಾಗುತ್ತಿತ್ತು ಅನ್ನುವುದು ನಿಜ. ಆದರೆ ಏನು ಫರಕ್ಕು ಅಂತ ಕೇಳಿದಾಗ ಅವನು ಹೇಳಿದ್ದು ಬೇರೆ. "ಸರ್, ಇದ್ರ ಅಂಚು ಎಲ್ಲಿ ಮುಗೀತು ಅಂತಾನೇ ಗೊತ್ತಾಗಲ್ಲ. ಆಗ್ಲೇ ತುಂಬಾ ದಿನ ನುಡಿಸಿದ ಗಿಟಾರ್ ಥರ ಇದೆ." ಕಾರ್ಖಾನೆಯಲ್ಲಿ ಫ್ರೆಟ್‌ಬೋರ್ಡ್‌ನ, ಅಂದರೆ ನೆಕ್‌ನ ಮೇಲೆ ಬೆರಳೊತ್ತುವ ಮರದ ಪಟ್ಟಿಯ, ಅಂಚನ್ನು ಉರುಟಾಗಿ ಸವೆಸಿರುವುದನ್ನೇ ಅವನ ಅಂಗೈ ಗುರುತು ಹಿಡಿದಿತ್ತು.

ನಾನು ಇಷ್ಟು ವರ್ಷದಲ್ಲಿ ಕಂಡುಕೊಂಡದ್ದೂ ಇದೇ. ಒಂದು ಮಟ್ಟ ದಾಟಿದ ಮೇಲೆ ಹೆಚ್ಚಿನ ದುಡ್ಡು ಕೇಳುವವರ ಕಿವಿಗೆ ತಲುಪುವುದಿಲ್ಲ, ನುಡಿಸುವವರ ಕೈಗೆ ತಲುಪುತ್ತದೆ. ಎರಡು ಲಕ್ಷದ್ದು ಕೊಂಡರೆ ನನ್ನ ಸೌಂಡ್ ಬದಲಾಗುತ್ತದೆ ಅಂದುಕೊಂಡವರಿಗೆ ನಿರಾಸೆಯಾಗುತ್ತದೆ. ದಿನಕ್ಕೆ ಮೂರು ಗಂಟೆ ಆ ನೆಕ್ ಹಿಡಿದಿರುತ್ತೇನೆ, ಕೈ ಸೋಲಬಾರದು ಅನ್ನುವವರಿಗೆ ಆಗುವುದಿಲ್ಲ.

ದುಡ್ಡು ಎಲ್ಲಿಗೆ ಹೋಗುತ್ತದೆ

ಮರ ಕೊರೆಯುವ ಕೆಲಸ ಈಗ ಎಲ್ಲ ಕಡೆಯೂ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ್ದು. ಇಂಡೊನೇಷ್ಯಾದಲ್ಲೂ ಅದೇ, ಅಮೆರಿಕದಲ್ಲೂ ಅದೇ. ವ್ಯತ್ಯಾಸ ಬರುವುದು ಯಂತ್ರ ಕೈಬಿಟ್ಟ ಮೇಲೆ. ಇಪ್ಪತ್ತೆರಡು ಫ್ರೆಟ್‌ಗಳ (ಬೆರಳೊತ್ತುವ ಪಟ್ಟಿಯ ಮೇಲಿನ ಅಡ್ಡ ಲೋಹದ ಕಂಬಿಗಳ) ತಲೆ ಸಮ ಮಾಡುವುದು, ಅವುಗಳ ಎರಡೂ ತುದಿ ಉಜ್ಜಿ ನುಣುಪು ಮಾಡುವುದು, ನಟ್‌ನ ಆರು ಗೀರುಗಳನ್ನು ಒಂದೊಂದು ತಂತಿಯ ದಪ್ಪಕ್ಕೆ ತಕ್ಕಂತೆ ಅರದಿಂದ ತೀಡುವುದು. ಇದು ಕೈಕೆಲಸ, ಸಮಯದ ಕೆಲಸ. ಅಮೆರಿಕದ ಕೂಲಿಗೆ ಈ ಸಮಯ ದುಬಾರಿ. ನೀವು ಕೊಡುವ ದುಡ್ಡಿನ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ.

ನಟ್ ಅಂದರೆ ತಂತಿಗಳು ಶ್ರುತಿ ಮಾಡುವ ಕೀ ಕಡೆಗೆ ಹೋಗುವ ಮುಂಚೆ ಕೂರುವ ಆ ಸಣ್ಣ ಬಿಳಿ ಪಟ್ಟಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಲೇಬೇಕು, ಯಾಕೆಂದರೆ ನಾನು ಇದರಿಂದಲೇ ಒಂದೂವರೆ ವರ್ಷ ಕಳೆದುಕೊಂಡೆ. ನನ್ನ ಮೊದಲ ಎಲೆಕ್ಟ್ರಿಕ್ ಗಿಟಾರನ್ನು ಬೆಂಗಳೂರಿನ ಒಂದು ಅಂಗಡಿಯವರು ಡಬ್ಬಿಯಿಂದ ತೆಗೆದು ಹಾಗೇ ಕೈಗೆ ಕೊಟ್ಟಿದ್ದರು. ನಟ್‌ನ ಗೀರುಗಳು ಆಳವಿರಲಿಲ್ಲ, ತಂತಿಗಳು ಮೊದಲ ಫ್ರೆಟ್‌ನಿಂದ ಎತ್ತರದಲ್ಲಿ ನಿಂತಿದ್ದವು. ಎಫ್ ಕಾರ್ಡ್ ಹಿಡಿದರೆ ತೋರುಬೆರಳು ಬಿಳಿಚಿಕೊಳ್ಳುತ್ತಿತ್ತು, ಆದರೂ ಎರಡು ತಂತಿ ಠಸ್ ಅನ್ನುತ್ತಿದ್ದವು. ನನ್ನ ಬೆರಳಲ್ಲೇ ಬಲವಿಲ್ಲ ಅಂದುಕೊಂಡು ಬಿಡುವ ಹಂತಕ್ಕೆ ಬಂದಿದ್ದೆ. ಆರ್ಕೆಸ್ಟ್ರಾದ ಹಿರಿಯರೊಬ್ಬರು ನೋಡಿ, ಸಣ್ಣ ಅರ ತಂದು, ಕಾಲು ಗಂಟೆ ಉಜ್ಜಿಕೊಟ್ಟರು. ಅವತ್ತೇ ಸಂಜೆ ಎಫ್ ಕಾರ್ಡ್ ಬಂತು.

ಹಾಗಾಗಿ ದುಬಾರಿ ಗಿಟಾರಿನ ಸುಖ ಅಂತ ಜನ ಯಾವುದನ್ನು ಹೇಳುತ್ತಾರೋ ಅದರ ಮುಕ್ಕಾಲು ಭಾಗ ಒಳ್ಳೆಯ ಸೆಟಪ್, ಅಂದರೆ ನಟ್, ಫ್ರೆಟ್, ನೆಕ್‌ಗಳನ್ನು ಸರಿಯಾಗಿ ಹೊಂದಿಸುವುದು. ಅದನ್ನು ಎರಡನೇ ಮೆಟ್ಟಿಲಿನ ಗಿಟಾರಿಗೂ ಮಾಡಿಸಬಹುದು. ಕಲಿತರೆ ಬಹುಪಾಲು ನಾವೇ ಮಾಡಿಕೊಳ್ಳಬಹುದು. ಆರು ತಂತಿಗಳ ಸೆಳೆತ ಒಟ್ಟಿಗೆ ಸುಮಾರು 40 ಕಿಲೋ. ಹಗಲು ರಾತ್ರಿ ಆ ಭಾರ ನೆಕ್ಕನ್ನು ಮುಂದಕ್ಕೆ ಬಾಗಿಸುತ್ತಲೇ ಇರುತ್ತದೆ. ಅದಕ್ಕೆ ಎದುರಾಗಿ ಒಳಗೊಂದು ಉಕ್ಕಿನ ಕಂಬಿ ಇದೆ, ಟ್ರಸ್ ರಾಡ್ ಅನ್ನುತ್ತಾರೆ. ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಮೈಗೆ ಸೇರುವ ಕಡೆಯ ಫ್ರೆಟ್ ಒತ್ತಿ, ನಡುವೆ ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಎಷ್ಟು ಸಂದು ಇದೆ ನೋಡಬೇಕು. 0.25 ಮಿಲಿಮೀಟರ್ ಇದ್ದರೆ ಸರಿ. ಅಳೆಯುವುದು ಹೇಗೆ? ಬೈಕ್ ಮೆಕ್ಯಾನಿಕ್‌ಗಳು ವಾಲ್ವ್ ಕ್ಲಿಯರೆನ್ಸ್ ನೋಡುವ ಫೀಲರ್ ಗೇಜ್ ಸಾಕು. ನಾನು ನಮ್ಮ ಬೀದಿಯ ಗ್ಯಾರೇಜಿನಿಂದ ಕಡ ತಂದು ಅಭ್ಯಾಸ ಮಾಡಿಕೊಂಡವನು. ಈಗ ನನ್ನದೇ ಒಂದಿದೆ, ಬ್ಯಾಗಿನಲ್ಲೇ ಇರುತ್ತದೆ.

ಪಿಕಪ್ ವಿಷಯ. ಅಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿದರೆ ಪಿಕಪ್. ಮೇಲೆ ಉಕ್ಕಿನ ತಂತಿ ಅಲುಗಿದಾಗ ಅದರಲ್ಲಿ ಕರೆಂಟು ಹುಟ್ಟುತ್ತದೆ. ಮೊದಲ ಮೆಟ್ಟಿಲಿನವುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಅಯಸ್ಕಾಂತ, ಅದರ ಮೇಲಿನವುಗಳಲ್ಲಿ ಆಲ್ನಿಕೊ, ಅಂದರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ್ದು. ಆದರೆ ಕ್ಲಾಸಿಕ್ ವೈಬ್‌ನಲ್ಲೂ ಪೆಸಿಫಿಕಾ 112ರಲ್ಲೂ ಆಲ್ನಿಕೊ ಬಂದುಬಿಟ್ಟಿದೆ. ನಮ್ಮ ಗೋಡೆಯ ಪರೀಕ್ಷೆಯಲ್ಲಿ ಇಬ್ಬರೂ ಎಡವಲು ಇದೇ ಕಾರಣ ಇರಬೇಕು. ಪಿಕಪ್ ಇಷ್ಟವಾಗದಿದ್ದರೆ ಬಿಚ್ಚಿ ಬೇರೆ ಹಾಕಬಹುದು, ನಾಲ್ಕು ಬೆಸುಗೆಯ ಕೆಲಸ.

ವಾಲ್ಯೂಮ್ ಕಂಟ್ರೋಲ್, ಸ್ವಿಚ್ಚು, ಜ್ಯಾಕ್, ಟ್ಯೂನಿಂಗ್ ಕೀ ಇವು ದುಬಾರಿಯದರಲ್ಲಿ ನಿಸ್ಸಂದೇಹವಾಗಿ ಗಟ್ಟಿ. ನನ್ನ ಅಮೆರಿಕದ್ದರ ಜ್ಯಾಕ್ ಇವತ್ತಿಗೂ ಅಲುಗಿಲ್ಲ. ಕಡಿಮೆ ಬೆಲೆಯದರಲ್ಲಿ ಎರಡು ವರ್ಷಕ್ಕೆ ನಾಬ್ ತಿರುಗಿಸಿದರೆ ಕರಕರ ಶುರುವಾಗುತ್ತದೆ.

ಬೀಟೆಯೋ ಮತ್ತಿಯೋ

ಮಾತಿನ ನಡುವೆ ಹುಡುಗನ ಅಪ್ಪ ನನ್ನ ಗಿಟಾರಿನ ಫ್ರೆಟ್‌ಬೋರ್ಡ್ ಮೇಲೆ ಹೆಬ್ಬೆರಳು ಒತ್ತಿ ಎಳೆದರು. ತೋಟದ ಕೆಲಸದ ಕೈ, ಉಗುರಿನ ಸುತ್ತ ಅಡಿಕೆ ಚೊಗರಿನ ಕಪ್ಪು. ಬೆಳಕಿಗೆ ಹಿಡಿದು ನೋಡಿ, "ಇದು ಬೀಟೆ ಅಲ್ವಾ ಮೇಷ್ಟ್ರೇ?" ಅಂದರು. "ನಮ್ಮಜ್ಜನ ಮಂಚ ಇಂಥದ್ದೇ ಮರದ್ದು."

ಹೌದು, ಬೀಟೆಯೇ. ಇಂಡಿಯನ್ ರೋಸ್‌ವುಡ್ ಅಂತ ಜಗತ್ತಿನ ಗಿಟಾರ್ ಕಂಪನಿಗಳು ಹುಡುಕುವ ಮರ ನಮ್ಮ ಪಶ್ಚಿಮ ಘಟ್ಟದ ಬೀಟೆ. 2017ರ ಜನವರಿಯಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದಡಿ ಬೀಟೆಯ ಇಡೀ ಕುಲಕ್ಕೆ ನಿರ್ಬಂಧ ಬಂತು. ಗಡಿ ದಾಟುವ ಗಿಟಾರ್‌ಗಳಿಗೆ ಕಾಗದಪತ್ರದ ತೊಡಕು ಹೆಚ್ಚಾಯಿತು. 2019ರ ಕೊನೆಯಲ್ಲಿ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಕಡಿಮೆ ಬೆಲೆಯ ಸಾಲುಗಳಲ್ಲಿ ಬೇರೆ ಮರ ಬಂದು ಕೂತಿತ್ತು. ಇಂಡಿಯನ್ ಲಾರೆಲ್ ಅಂತ ಅದಕ್ಕೆ ಹೆಸರು. ನಮ್ಮ ಭಾಷೆಯಲ್ಲಿ ಮತ್ತಿ ಮರ. ಕ್ಲಾಸಿನ ಕ್ಲಾಸಿಕ್ ವೈಬ್‌ನ ಮೇಲಿರುವುದು ಅದೇ. ಎರಡು ಲಕ್ಷದ್ದರ ಮೇಲೆ ಬೀಟೆ, ನಲವತ್ತೈದು ಸಾವಿರದ್ದರ ಮೇಲೆ ಮತ್ತಿ. ಎರಡೂ ನಮ್ಮ ಮಲೆನಾಡಿನ ಕಾಡಲ್ಲಿ ಬೆಳೆಯುವ ಮರಗಳೇ ಅಂತ ಹೇಳಿದಾಗ ಅವರು ಎರಡನ್ನೂ ಮತ್ತೊಮ್ಮೆ ಮುಟ್ಟಿ ನೋಡಿದರು. "ಮತ್ತಿ ಏನು ಕಮ್ಮಿ ಮರ ಅಲ್ಲ, ಮನೆ ತೊಲೆಗೆ ಹಾಕ್ತಾರೆ" ಅಂದರು.

ಮರದಿಂದ ಸೌಂಡ್ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ಗಿಟಾರ್ ಲೋಕದಲ್ಲಿ ಮುಗಿಯದ ಜಗಳ ಇದೆ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ವೀಣೆಯಲ್ಲಿ ಹಲಸಿನ ಕೊಡವೇ ನಾದ ಕೊಡುತ್ತದೆ, ಅಲ್ಲಿ ಮರ ಸರಿಯಿಲ್ಲದಿದ್ದರೆ ವೀಣೆಯೇ ಇಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಕೇಳುವುದು ತಂತಿಯ ಅಲುಗಾಟವನ್ನು ಪಿಕಪ್ ಹಿಡಿದದ್ದು. ಮರದ ಪಾತ್ರ ಇದ್ದರೂ ಪಿಕಪ್, ಆ್ಯಂಪ್, ಸ್ಪೀಕರ್‌ಗಳ ಮುಂದೆ ಅದು ಸಣ್ಣದು. ಆಲ್ಡರ್ ಮರ ಅನ್ನುವ ಒಂದೇ ಕಾರಣಕ್ಕೆ ಯಾರೂ ಐವತ್ತು ಸಾವಿರ ಹೆಚ್ಚು ಕೊಡಬೇಡಿ. ಇಂಗ್ಲೆಂಡಿನ ಕ್ವೀನ್ ರಾಕ್ ತಂಡದ ಗಿಟಾರಿಸ್ಟ್ ಬ್ರಿಯಾನ್ ಮೇ 1963ರಲ್ಲಿ ತಂದೆಯ ಜೊತೆ ಸೇರಿ ಮನೆಯಲ್ಲೇ ಗಿಟಾರ್ ಮಾಡಲು ಶುರು ಮಾಡಿದರು. ಅದರ ನೆಕ್ ಹಳೇ ಬೆಂಕಿಗೂಡಿನ ಮರದ್ದು, ಸ್ವರ ನಡುಗಿಸುವ ಟ್ರೆಮೊಲೊದ ಸ್ಪ್ರಿಂಗುಗಳು ಮೋಟಾರ್ ಸೈಕಲ್ಲಿನವು. ಕ್ವೀನ್ ತಂಡದಲ್ಲಿ ಅವರು ಜೀವನಪೂರ್ತಿ ನುಡಿಸಿದ್ದು ಮುಖ್ಯವಾಗಿ ಅದನ್ನೇ. ಅಪ್ಪ ಮಗ ಸೇರಿ ಮಾಡಿದ್ದು ಅಂದಾಗ ಚನ್ನಗಿರಿಯವರು ಮಗನ ಕಡೆ ತಿರುಗಿ ನೋಡಿದರು.

ನಮ್ಮೂರಿನ ಲೆಕ್ಕವೇ ಬೇರೆ

ಗಿಟಾರ್ ವಿಮರ್ಶೆ ಮಾಡುವವರು ಹೆಚ್ಚಿನವರು ತಂಪು ದೇಶದ ಸ್ಟುಡಿಯೊದಲ್ಲಿ ಕೂತವರು. ದಾವಣಗೆರೆಯಲ್ಲಿ ನುಡಿಸುವವರಿಗೆ ಬೇರೆ ನಾಲ್ಕು ಸಂಗತಿ ಎದುರಾಗುತ್ತವೆ.

ಮೊದಲನೆಯದು ಒಣ ಹವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಫ್ರೆಟ್‌ಬೋರ್ಡ್‌ನ ಮರ ಸ್ವಲ್ಪ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ತುದಿಗಳು ಮುಳ್ಳಿನ ಹಾಗೆ ಹೊರಗೆ ಬಂದು ಅಂಗೈ ಗೀಚುತ್ತವೆ. ಮೊದಲ ಮೆಟ್ಟಿಲಿನವುಗಳಲ್ಲಿ ಇದು ಜಾಸ್ತಿ, ಚೆನ್ನಾಗಿ ಒಣಗಿಸಿದ ಮರ, ಉಜ್ಜಿದ ತುದಿ ಇದ್ದರೆ ಕಡಿಮೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಕ್ ಮತ್ತೆ ಇನ್ನೊಂದು ಕಡೆ ಸರಿಯುತ್ತದೆ. ವರ್ಷಕ್ಕೆರಡು ಸಲ ಟ್ರಸ್ ರಾಡ್ ನೋಡಲೇಬೇಕು, ಗಿಟಾರ್ ಎಷ್ಟೇ ಬೆಲೆಯದ್ದಾಗಲಿ. ಎರಡು ಲಕ್ಷ ಕೊಟ್ಟ ಮಾತ್ರಕ್ಕೆ ಮರ ಹವೆಗೆ ಸ್ಪಂದಿಸುವುದನ್ನು ಬಿಡುವುದಿಲ್ಲ.

ಎರಡನೆಯದು ಅರ್ತಿಂಗ್. ಹುಡುಗನ ದೊಡ್ಡ ದೂರು ಏನೆಂದರೆ, "ಮನೇಲಿ ಆ್ಯಂಪ್ ಹಾಕಿದ್ರೆ ಗುಂಯ್ ಅಂತ ಸದ್ದು ಸರ್, ತಂತಿ ಮುಟ್ಟಿದ್ರೆ ಕಮ್ಮಿ ಆಗುತ್ತೆ, ಬಿಟ್ರೆ ಜಾಸ್ತಿ. ಗಿಟಾರ್ ಲೋಕಲ್ ಅಂತ." ನಾನು ಅವರ ಮನೆಗೇ ಹೋಗಿ ನೋಡಿದೆ. ಹಳೇ ಮನೆ, ಮೂರು ಪಿನ್ನಿನ ಸಾಕೆಟ್ ಇದೆ, ಮೂರನೇ ಪಿನ್ನಿಗೆ ವೈರೇ ಇಲ್ಲ. ನನ್ನ ಅಮೆರಿಕದ್ದನ್ನು ತೆಗೆದುಕೊಂಡು ಹೋಗಿದ್ದೆ, ಅದೇ ಸಾಕೆಟ್ಟಿಗೆ ಹಾಕಿದೆ. ಅದೂ ಅಷ್ಟೇ ಜೋರಾಗಿ ಗುಂಯ್ ಅಂತು. ಸಿಂಗಲ್ ಕಾಯಿಲ್ ಪಿಕಪ್ ಒಂದು ಆ್ಯಂಟೆನಾ ಇದ್ದ ಹಾಗೆ, ಸುತ್ತಲಿನ 50 ಹರ್ಟ್ಜ್ ಕರೆಂಟಿನ ಸದ್ದನ್ನೆಲ್ಲ ಹೀರುತ್ತದೆ. ಅಗ್ಗದ ಇನ್ವರ್ಟರ್ ಮೇಲೆ ಓಡುವಾಗಂತೂ ಕೇಳುವ ಹಾಗೇ ಇಲ್ಲ. ಇದಕ್ಕೆಂದೇ ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಎರಡು ಸುರುಳಿಯನ್ನು ಎದುರುಬದುರಾಗಿ ಜೋಡಿಸಿ ಹಂಬಕರ್ ಮಾಡಿದರು. ಎರಡು ಲಕ್ಷದ ಸಿಂಗಲ್ ಕಾಯಿಲ್ಲಿಗಿಂತ ಮೂವತ್ತು ಸಾವಿರದ ಹಂಬಕರ್ ಈ ವಿಷಯದಲ್ಲಿ ಮೇಲು. ಅರ್ತಿಂಗ್ ಸರಿಯಿಲ್ಲದ ಕಡೆ ಆ್ಯಂಪ್ ಹಾಕಿ ತಂತಿ ಮುಟ್ಟುವುದು ಜೀವಕ್ಕೂ ಅಪಾಯ. ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಗಿಟಾರಿನ ಮಾತು.

ಮೂರನೆಯದು ನಾವು ನುಡಿಸುವ ಜಾಗ. ಗಣೇಶನ ಹಬ್ಬ, ಮದುವೆ, ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಗಿಟಾರಿಸ್ಟ್ ಪಕ್ಕ ಆ್ಯಂಪ್ ಇರುವುದು ಅಪರೂಪ. ಗಿಟಾರಿನ ಸದ್ದು ಎಫೆಕ್ಟ್ ಪ್ರೊಸೆಸರ್‌ನಿಂದ ನೇರ ಮಿಕ್ಸರ್‌ಗೆ ಹೋಗುತ್ತದೆ. ಮೇಲೆ ರಿದಂ ಪ್ಯಾಡು, ಎರಡು ಕೀಬೋರ್ಡು, ಜನರೇಟರ್ ಸದ್ದು. ಒಂದು ಹಾಡಿಗೆ ಮೆತ್ತನೆಯ ಕ್ಲೀನ್, ಮುಂದಿನದಕ್ಕೆ ಜೋರು ಡಿಸ್ಟಾರ್ಷನ್. ಅಲ್ಲಿ ನನಗೆ ಬೇಕಾದದ್ದು ಬ್ರಿಡ್ಜ್ ಹತ್ತಿರ ಹಂಬಕರ್, ಮುಂದೆ ಎರಡು ಸಿಂಗಲ್ ಕಾಯಿಲ್ ಇರುವ ಗಿಟಾರ್. ನಾನು ವೇದಿಕೆಗೆ ಒಯ್ಯುವುದು ಪೆಸಿಫಿಕಾ 112. ಅಮೆರಿಕದ್ದು ಮನೆಯಲ್ಲಿ, ರೆಕಾರ್ಡಿಂಗ್‌ನಲ್ಲಿ.

ಇನ್ನು ಪ್ರಯಾಣ. ಹೊಳಲ್ಕೆರೆ, ಹರಪನಹಳ್ಳಿ, ಜಗಳೂರು ಅಂತ ರಾತ್ರಿ ಬಸ್ಸಿನಲ್ಲಿ, ಟೆಂಪೊದ ಹಿಂದೆ ಸ್ಪೀಕರ್ ಡಬ್ಬಿಗಳ ಜೊತೆ ಗಿಟಾರ್ ಹೋಗುತ್ತದೆ. ಗಿಬ್ಸನ್ ಲೆಸ್ ಪಾಲ್ ಬೇಕು ಅನ್ನುವವರು ಇದನ್ನು ಯೋಚಿಸಿ. ಅದರ ನೆಕ್ ಒಂದೇ ತುಂಡು ಮಹಾಗನಿ, ತಲೆ 17 ಡಿಗ್ರಿ ಹಿಂದಕ್ಕೆ ಬಾಗಿದೆ, ಮಗುಚಿ ಬಿದ್ದರೆ ತಲೆಯ ಬುಡದಲ್ಲಿ ಮುರಿಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ನೆಕ್ ಅಂಟಿಸಿದ್ದು, ಬಿಚ್ಚಲು ಬರುವುದಿಲ್ಲ. ಫೆಂಡರ್, ಯಮಹಾಗಳ ನೆಕ್ ಸ್ಕ್ರೂ ಹಾಕಿದ್ದು, ಕೆಟ್ಟರೆ ಬದಲಿಸಬಹುದು. ಗಿಬ್ಸನ್‌ನ ನೈಟ್ರೊ ಬಣ್ಣವೂ ನಾಜೂಕು, ಅಗ್ಗದ ಸ್ಟ್ಯಾಂಡಿನ ರಬ್ಬರ್ ತಾಗಿದ ಕಡೆ ಕರಗಿ ಕಲೆ ಬೀಳುತ್ತದೆ. ತೂಕ ನಾಲ್ಕು ಕಿಲೋ ದಾಟುತ್ತದೆ, ನಾಲ್ಕು ಗಂಟೆ ನಿಂತು ನುಡಿಸಿದ ಮೇಲೆ ಎಡ ಭುಜ ಅದನ್ನು ಹೇಳುತ್ತದೆ. ಇಷ್ಟೆಲ್ಲ ಇದ್ದರೂ ಆ ಗಿಟಾರಿನ ತುಂಬು ದನಿಯನ್ನು ನಾನು ಪ್ರೀತಿಸುತ್ತೇನೆ. ಮನೆ ಬಿಟ್ಟು ಹೊರಡದ ಗಿಟಾರ್ ಅದು ಅಂತ ತಿಳಿದು ಕೊಂಡರೆ ತಪ್ಪೇನಿಲ್ಲ.

ಗಂಟೆಗೆ ಎಷ್ಟು

ಅಡಿಕೆ ವ್ಯವಹಾರದವರಿಗೆ ಲೆಕ್ಕ ಬೇಕು, ಕೊಟ್ಟೆ. ದಿನಕ್ಕೊಂದು ಗಂಟೆ ತಪ್ಪದೆ ನುಡಿಸಿದರೆ ಹತ್ತು ವರ್ಷಕ್ಕೆ 3,650 ಗಂಟೆ. ಎರಡು ಲಕ್ಷವನ್ನು ಅದಕ್ಕೆ ಹಂಚಿದರೆ ಗಂಟೆಗೆ 55 ರೂಪಾಯಿ. 45 ಸಾವಿರದ್ದಕ್ಕೆ 12 ರೂಪಾಯಿ. ಅಂತರ 43 ರೂಪಾಯಿ, ಒಂದು ಬೆಣ್ಣೆ ದೋಸೆಗೂ ಕಡಿಮೆ. ಹಾಗೆ ನುಡಿಸುವವನಿಗೆ ಆ ನೆಕ್ ಕೊಡುವ ಸುಖಕ್ಕೆ ಇದು ದುಬಾರಿ ಅಲ್ಲವೇ ಅಲ್ಲ. ಆದರೆ ವಾರಕ್ಕೊಂದು ಗಂಟೆ ಮಾತ್ರ ಅಂದರೆ ಹತ್ತು ವರ್ಷಕ್ಕೆ 520 ಗಂಟೆ. ಆಗ ಅಂತರ ಗಂಟೆಗೆ ಹತ್ತಿರ ಹತ್ತಿರ 300 ರೂಪಾಯಿ. ಗಿಟಾರ್ ಅದೇ, ಕೈ ಬೇರೆ.

ಮಾರುವಾಗ ಬೆಲೆ ಸಿಗುತ್ತದೆ ಅನ್ನುವ ವಾದವೂ ಇದೆ. ಅಮೆರಿಕದವುಗಳಿಗೆ ಸಿಗುವುದು ನಿಜ, ಆದರೆ ಕೊಳ್ಳುವವರು ಬೆಂಗಳೂರಿನಲ್ಲಿದ್ದಾರೆ, ಇಲ್ಲಿಲ್ಲ. ಇದನ್ನೇ ತಿರುಗಿಸಿದರೆ ನಮಗೆ ಲಾಭ: ನಾಲ್ಕನೇ ಮೆಟ್ಟಿಲು ಹತ್ತಲೇಬೇಕು ಅಂದರೆ ಸೆಕೆಂಡ್ ಹ್ಯಾಂಡ್ ನೋಡಿ. ನಾನು ಹಾಗೇ ಕೊಂಡೆ, ಪಶ್ಚಾತ್ತಾಪವಿಲ್ಲ. ಕಣ್ಣಿಗೆ ಕಾಣದೆ ದುಡ್ಡು ಕಳಿಸಬೇಡಿ. ಗಿಬ್ಸನ್ ಹೆಸರಿನಲ್ಲಿ ನಕಲಿ ಬಹಳ ಓಡಾಡುತ್ತವೆ. ತಲೆಯ ಮೇಲಿನ ಟ್ರಸ್ ರಾಡ್ ಮುಚ್ಚಳಕ್ಕೆ ಅಸಲಿಯಲ್ಲಿ ಎರಡೇ ಸ್ಕ್ರೂ, ನಕಲಿಗಳಲ್ಲಿ ಎಷ್ಟೋ ಸಲ ಮೂರು ಇರುತ್ತವೆ.

ಅಂಗಡಿಗೆ ಹೋಗುವುದಾದರೆ ನಿಮ್ಮ ಈಗಿನ ಗಿಟಾರನ್ನೂ ಹೊತ್ತುಕೊಂಡು ಹೋಗಿ. ಅಂಗಡಿಯ ದೊಡ್ಡ ಆ್ಯಂಪ್‌ನಲ್ಲಿ ಎಲ್ಲವೂ ಚೆಂದ ಕೇಳುತ್ತದೆ, ನಿಮ್ಮದನ್ನೂ ಅದಕ್ಕೇ ಹಾಕಿ ಕೇಳಿ. ಆ್ಯಂಪ್ ಹಾಕದೆಯೂ ನುಡಿಸಿ. ಪ್ರತಿ ತಂತಿಯ ಹನ್ನೆರಡನೇ ಫ್ರೆಟ್‌ನಲ್ಲಿ ಬೆರಳು ತಾಗಿಸಿ ಬರುವ ಹಾರ್ಮೋನಿಕ್ಕೂ ಒತ್ತಿ ಬರುವ ಸ್ವರವೂ ಒಂದೇ ಇದೆಯೇ ನೋಡಿ. ಮೂರನೇ ತಂತಿಯನ್ನು ಮೂರು ಸಲ ಪಕ್ಕಕ್ಕೆ ಎಳೆದು ಪೂರ್ತಿ ಬೆಂಡ್ ಮಾಡಿ ಶ್ರುತಿ ನಿಂತಿದೆಯೇ ಗಮನಿಸಿ. ನೆಕ್‌ನ ಅಂಚಿನ ಮೇಲೆ ಅಂಗೈಯನ್ನು ಮೇಲಿಂದ ಕೆಳಗೆ ಎಳೆಯಿರಿ. ಕೊನೆಗೆ, ಅರ್ಧ ಗಂಟೆ ಕೂತು ನಿಮಗೆ ಚೆನ್ನಾಗಿ ಬರುವುದನ್ನೇ ನುಡಿಸಿ, ಅಂಗಡಿಯವರು ಏನೇ ಅಂದುಕೊಳ್ಳಲಿ.

ಅಪ್ಪ ಮಗ ಏನು ಮಾಡಿದರು

ಹುಡುಗನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. "ಈಗಿರೋ ಗಿಟಾರ್ ನಿನ್ನನ್ನ ಎಲ್ಲಿ ತಡೀತಾ ಇದೆ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೌಂಡ್ ಸರಿಯಿಲ್ಲ ಸರ್" ಅಂದ. ಅದು ಉತ್ತರ ಅಲ್ಲ. ಹದಿನಾಲ್ಕನೇ ಫ್ರೆಟ್‌ನಲ್ಲಿ ಬೆಂಡ್ ಮಾಡಿದರೆ ಸ್ವರ ಸಾಯುತ್ತದೆ, ಎರಡು ಹಾಡಿಗೆ ಶ್ರುತಿ ಇಳಿಯುತ್ತದೆ, ನಾಬ್ ಐದಕ್ಕಿಳಿಸಿದರೆ ದನಿ ಮಂಕಾಗುತ್ತದೆ, ಹೀಗೆ ಬೆರಳಿಟ್ಟು ತೋರಿಸಲು ಬಂದರೆ ಉತ್ತರ. ಮೇಲಿನ ಮೆಟ್ಟಿಲಿನ ಗಿಟಾರ್ ಸರಿ ಮಾಡುವುದು ಅಂಥವುಗಳನ್ನೇ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು, ತಿಂಗಳು ಬಿಟ್ಟು ಬಾ ಅಂದೆ.

ತಿಂಗಳ ನಂತರ ಪುಟದಲ್ಲಿ ಐದು ಸಾಲು ಇದ್ದವು. ಗುಂಯ್ ಅನ್ನುವ ಸದ್ದು ಗಿಟಾರಿನದ್ದಲ್ಲ, ಮನೆಯದ್ದು. ಹಿಂದಿನ ಅಂಗಳದಲ್ಲಿ ಎಲೆಕ್ಟ್ರಿಷಿಯನ್‌ನಿಂದ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿ ಅರ್ತಿಂಗ್ ಮಾಡಿಸಿದರು, ಆ ಸದ್ದು ಮುಕ್ಕಾಲು ಭಾಗ ಹೋಯಿತು. ಫ್ರೆಟ್ ತುದಿ ಚುಚ್ಚುವುದು, ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಸಾಯುವುದು, ಕೀಗಳು ಸಡಿಲ, ಈ ಮೂರಕ್ಕೆ ಎರಡನೇ ಮೆಟ್ಟಿಲು ಸಾಕಾಗುತ್ತಿತ್ತು. ಬೆಂಗಳೂರಿಗೆ ಹೋಗಿ ಆರು ಗಿಟಾರ್ ನುಡಿಸಿ ನೋಡಿ ಕ್ಲಾಸಿಕ್ ವೈಬ್ ತಂದರು. ಜೊತೆಗೆ ಒಂದು ಒಳ್ಳೆಯ ಪ್ರಾಕ್ಟೀಸ್ ಆ್ಯಂಪ್. ಎಲ್ಲ ಸೇರಿ ಎರಡು ಕ್ವಿಂಟಲ್ ಅಡಿಕೆಯೊಳಗೆ ಮುಗಿಯಿತು.

ಐದನೇ ಸಾಲು ಉಳಿದಿತ್ತು. ಹೊಸದರಲ್ಲೂ ಮೂರನೇ ತಂತಿ ಬೆಂಡ್ ಮಾಡಿದ ಮೇಲೆ ಶ್ರುತಿ ಸ್ವಲ್ಪ ಇಳಿಯುತ್ತಿತ್ತು. ತಂತಿ ಸಡಿಲ ಮಾಡಿ, ನಟ್‌ನ ಗೀರಿನಿಂದ ಎತ್ತಿ, ಚೂಪು ಪೆನ್ಸಿಲ್‌ನಿಂದ ಆ ಗೀರಿನೊಳಗೆ ನಾಲ್ಕು ಸಲ ತಿಕ್ಕಿದೆವು. ಪೆನ್ಸಿಲ್‌ನ ಗ್ರಾಫೈಟ್ ಪುಡಿ ಕೂತರೆ ತಂತಿ ಅಲ್ಲಿ ಸಿಕ್ಕಿಕೊಳ್ಳದೆ ಜಾರುತ್ತದೆ. ಮತ್ತೆ ಶ್ರುತಿ ಮಾಡಿ, ಮೂರು ಸಲ ಬೆಂಡ್ ಮಾಡಿ, ಟ್ಯೂನರ್ ನೋಡಿದ. ಸೂಜಿ ನಡುವೆಯೇ ನಿಂತಿತ್ತು. ಅದೇ ಪೆನ್ಸಿಲ್‌ನಿಂದ ನೋಟ್‌ಬುಕ್ಕಿನ ಐದನೇ ಸಾಲನ್ನೂ ಹೊಡೆದುಹಾಕಿ, ಪುಟ ತಿರುಗಿಸಿ, ಮೇಲೆ ದಿನಾಂಕ ಬರೆದಿಟ್ಟ.